ಪಹಣಿಯಲ್ಲಿ ಹೆಸರಿಲ್ಲ, ಹಾಗಾದರೆ ನಾನು ರೈತಳಲ್ವಾ?

ಪ್ರಶ್ನೆ: ಬಿತ್ತೋದು, ಕಳೆ ತೆಗೆಯೋದು, ಕೊಯ್ಲು, ದನದ ಕೆಲಸ ಎಲ್ಲ ನಂದೇ. ಪಹಣಿ ಮಾತ್ರ ಯಜಮಾನರ ಹೆಸರಲ್ಲಿದೆ. ಪಕ್ಕದ ಎರಡು ಎಕರೆ ಲಾವಣಿಗೆ, ಅಂದ್ರೆ ಗೇಣಿಗೆ ಮಾಡ್ತೀವಿ, ಅದಕ್ಕೆ ಕಾಗದವೇ ಇಲ್ಲ. ಸಾವಯವಕ್ಕೆ ಬನ್ನಿ, ಮಣ್ಣು ಉಳಿಸಿ ಅಂತ ಎಲ್ಲರೂ ಹೇಳ್ತಾರೆ. ಸೌಲಭ್ಯ ಕೇಳೋಕೆ ಹೋದರೆ ನೀವು ರೈತರಲ್ಲ ಅಂತಾರೆ. ಹಾಗಾದರೆ ನಾನು ಯಾರು?

ಉತ್ತರ: ನೀವು ರೈತರೇ. ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು. ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಅಧ್ಯಕ್ಷರಾಗಿದ್ದ ರಾಷ್ಟ್ರೀಯ ರೈತ ಆಯೋಗದ ಕೆಲಸದಿಂದ ಹುಟ್ಟಿದ 2007ರ ರಾಷ್ಟ್ರೀಯ ರೈತ ನೀತಿ ಇದೆಯಲ್ಲ, ಅದು ಜಮೀನಿನ ಮಾಲೀಕರ ಜೊತೆಗೆ ಗೇಣಿದಾರರು, ಪಾಲಿಗೆ ಮಾಡುವವರು, ಕೃಷಿ ಕೂಲಿಗಳು ಎಲ್ಲರನ್ನೂ ರೈತರು ಅಂತಲೇ ಎಣಿಸುತ್ತದೆ. ಆದರೆ ನೀತಿ ಇರೋದು ಕಪಾಟಿನಲ್ಲಿ. ಕೌಂಟರಿನಲ್ಲಿ ಕೇಳೋದು ಪಹಣಿ. ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ಹಣ ಜಮೀನು ಹೆಸರಲ್ಲಿ ಇರುವವರಿಗೆ. ರೈತರ ನೋಂದಣಿಗೆ ಕೊಡುವ ನಮ್ಮ ರಾಜ್ಯದ ಫ್ರೂಟ್ಸ್ ಐಡಿಯೂ ಪಹಣಿಯನ್ನೇ ಹಿಡಿದು ನಡೆಯುತ್ತದೆ. ಸಬ್ಸಿಡಿ ಬೀಜ, ಬೆಂಬಲ ಬೆಲೆ, ಬೆಳೆ ಪರಿಹಾರ ಎಲ್ಲವೂ ಅದರ ಹಿಂದೆಯೇ.

2015–16ರ ಕೃಷಿ ಗಣತಿ ಪ್ರಕಾರ ದೇಶದ ನೂರು ಹಿಡುವಳಿಗಳಲ್ಲಿ ಹೆಂಗಸರ ಹೆಸರಲ್ಲಿದ್ದದ್ದು ಸುಮಾರು 14. ಹೊಲದಲ್ಲಿ ಬಗ್ಗಿದ ಬೆನ್ನುಗಳನ್ನು ಎಣಿಸಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು, ಅಲ್ವಾ? ಭಾಷೆಯೂ ಹೀಗೇ. 'ರೈತ ಮಹಿಳೆ' ಅಂತ ಬರೆಯುತ್ತೇವೆ, 'ರೈತ ಪುರುಷ' ಅಂತ ಯಾರೂ ಬರೆಯೋದಿಲ್ಲ.

ಲಾವಣಿಯ ಕಥೆ ಇನ್ನೂ ತೊಡಕಿನದು. ದೇವರಾಜ ಅರಸು ಕಾಲದ 1974ರ ಭೂಸುಧಾರಣೆ 'ಉಳುವವನೇ ಹೊಲದೊಡೆಯ' ಎಂದು ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಅಷ್ಟೊಂದು ಬಡವರಿಗೆ ನೆಲ ಕೊಟ್ಟ ಕಾನೂನು ಇನ್ನೊಂದಿಲ್ಲ ಅಂತಲೇ ನನ್ನ ಅಭಿಪ್ರಾಯ. ಆದರೆ ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಪಹಣಿಯ 12ನೇ ಕಲಮಿನಲ್ಲಿ ಸಾಗುವಳಿದಾರರ ಹೆಸರು ಬರೆಯಲು ಜಾಗವಿದೆ. ಅಲ್ಲಿ ಇನ್ನೊಬ್ಬರ ಹೆಸರು ಬಂದರೆ ಜಮೀನು ಕೈತಪ್ಪೀತು ಅನ್ನೋ ಭಯ ಒಡೆಯನಿಗೆ ಇವತ್ತಿಗೂ ಹೋಗಿಲ್ಲ.

ಇದಕ್ಕೂ ಮಣ್ಣಿಗೂ ಏನು ಸಂಬಂಧ? ತುಂಬಾ ಇದೆ. ತಿಪ್ಪೆ ಗೊಬ್ಬರ ಹಾಕಿದರೆ ಫಲ ಎರಡು ಮೂರು ವರ್ಷಕ್ಕೆ ಹಂಚಿ ಬರುತ್ತದೆ. ಮುಂದಿನ ಯುಗಾದಿಗೆ ಆ ಹೊಲ ಸಾವಿರ ರೂಪಾಯಿ ಜಾಸ್ತಿ ಕೊಟ್ಟವರ ಪಾಲಾಗಬಹುದು. ಹಾಗಿರುವಾಗ ಇಪ್ಪತ್ತು ಗಾಡಿ ಗೊಬ್ಬರ ಯಾರು ಹೊಡೆಯುತ್ತಾರೆ? ಯೂರಿಯಾ ಹಾಕಿದರೆ ವಾರದಲ್ಲಿ ಪೈರು ಹಸಿರಾಗುತ್ತದೆ, ಈ ವರ್ಷದ ದುಡ್ಡು ಈ ವರ್ಷವೇ. ಸೊಪ್ಪಿನ ಗೊಬ್ಬರಕ್ಕೆಂದು ಬದುವಿಗೆ ಹೊಂಗೆ, ಗ್ಲಿರಿಸಿಡಿಯಾ ನೆಡೋಣವೆಂದರೆ ಒಡೆಯ ಬೇಡ ಅಂತಾನೆ. ಗಿಡ ನೆಟ್ಟವರು ಹಕ್ಕು ಕೇಳಿದರೆ? ಲಾವಣಿ ಹೊಲದವರಿಗೆ ಮಣ್ಣಿನ ಕಾಳಜಿ ಇಲ್ಲ ಅಂತ ಬಯ್ಯೋದು ಸುಲಭ. ನಾಳೆಯೇ ಇಲ್ಲದವರನ್ನು ನಾಡಿದ್ದಿಗೆ ಕೂಡಿಡಿ ಅಂದ ಹಾಗಾಯಿತು.

ಸ್ವಂತ ಹೊಲದಲ್ಲೂ ಇದೇ ಪಾಡು. ರಾಗಿಯ ನಡುನಡುವೆ ಬೇರೆ ಬೆಳೆ ಬಿತ್ತುವ ಅಕ್ಕಡಿ ಸಾಲು ನೆನಪಿಸಿಕೊಳ್ಳಿ. ಅವರೆ, ಅಲಸಂದೆ, ಹುಚ್ಚೆಳ್ಳು, ಜೋಳ, ಅಂಚಿಗೆ ಹರಳು. ಅಡುಗೆಮನೆ, ದನದ ಕೊಟ್ಟಿಗೆ ಎರಡೂ ಅದರಲ್ಲೇ ನಡೆಯುತ್ತಿದ್ದವು. ಬೀಜಕ್ಕೆ ಬೂದಿ ಬೆರೆಸಿ ಎತ್ತಿಡುತ್ತಿದ್ದವರೂ ಹೆಂಗಸರೇ. ಅದೇ ಹೊಲಕ್ಕೆ ಮೆಕ್ಕೆಜೋಳ ಬಂತು, ಹಿಂದೆಯೇ ಕಳೆನಾಶಕ. ಅದನ್ನು ಹೊಡೆದ ಹೊಲದಲ್ಲಿ ಅಗಲ ಎಲೆಯ ಅವರೆ, ಅಲಸಂದೆ ಬದುಕೋದಿಲ್ಲ. ಏನು ಬಿತ್ತಬೇಕು ಅಂತ ಅಂಗಡಿಯಲ್ಲಿ ತೀರ್ಮಾನ ಆಗುವಾಗ ಅಲ್ಲಿ ನಿಂತಿರೋದು ಪಹಣಿಯವರು.

ಬೇರೆ ಕಡೆ ದಾರಿ ಹುಡುಕಿದ್ದಾರೆ. ಆಂಧ್ರಪ್ರದೇಶದಲ್ಲಿ 2019ರ ಕಾನೂನಿನಂತೆ ಗೇಣಿ ರೈತರಿಗೆ 11 ತಿಂಗಳ ಕಾರ್ಡ್ ಸಿಗುತ್ತದೆ. ಒಡೆತನಕ್ಕೆ ಧಕ್ಕೆ ಇಲ್ಲ, ಸಾಲ ಮತ್ತು ವಿಮೆ ಕೇಳಬಹುದು. ಒಡೆಯನ ಒಪ್ಪಿಗೆ ಬೇಕು, ಅಲ್ಲೇ ಅದು ಮುಗ್ಗರಿಸೋದು. ಕೇರಳದ ಸ್ವಸಹಾಯ ಸಂಘಗಳ ಜಾಲವಾದ ಕುಟುಂಬಶ್ರೀಯ ಹೆಂಗಸರು ಗುಂಪಾಗಿ ಪಾಳುಬಿದ್ದ ಗದ್ದೆ ಗುತ್ತಿಗೆಗೆ ಹಿಡಿದು ಬೆಳೆಯುತ್ತಾರೆ.

ನೀವು ಈಗ ಏನು ಮಾಡಬಹುದು? ಲಾವಣಿ ಹೊಲಕ್ಕೆ ಸಾಲ ಬೇಕಾದರೆ ಜಂಟಿ ಬಾಧ್ಯತಾ ಗುಂಪು ವಿಚಾರಿಸಿ. 4ರಿಂದ 10 ಜನ ಸೇರಿ ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ನಬಾರ್ಡ್ ವ್ಯವಸ್ಥೆ ಅದು. ಪಹಣಿ ಇಲ್ಲದವರಿಗೆಂದೇ ಮಾಡಿದ್ದು.

ಜಮೀನಿನ ವಿಷಯಕ್ಕೆ ಬಂದರೆ, ಯಜಮಾನರು ಇರುವಾಗ ಹೆಂಡತಿ ಪಾಲು ಕೇಳುವ ಹಕ್ಕು ಕಾನೂನಿನಲ್ಲಿಲ್ಲ. ಅವರೇ ಮನಸ್ಸು ಮಾಡಿ ತಮ್ಮ ಪಾಲಿನ ಜಮೀನಿನಲ್ಲಿ ಒಂದಿಷ್ಟನ್ನು ದಾನಪತ್ರದ ಮೂಲಕ ನಿಮ್ಮ ಹೆಸರಿಗೆ ಮಾಡಬಹುದು. ಮಾತು ತೆಗೆಯೋದೇ ಕಷ್ಟ, ಗೊತ್ತು. ಆದರೆ ತವರಿನ ಜಮೀನಿನ ಬಗ್ಗೆ ಯಾಕೆ ಯಾರೂ ಕೇಳೋದಿಲ್ಲ? ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಡುವ ಮನೆಗಳಲ್ಲಿ, 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿದೆ. 2005ಕ್ಕೆ ಮೊದಲೇ ತಂದೆ ತೀರಿಹೋಗಿದ್ದರೂ ಹಕ್ಕು ಇದೆ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಅಥವಾ ಕೋರ್ಟ್ ಡಿಕ್ರಿಯಿಂದ ಆದ ವಿಭಾಗ, ಇಲ್ಲವೇ ಮಾರಾಟ ಇದ್ದರೆ ಅದನ್ನು ಕೆದಕುವಂತಿಲ್ಲ.

ಅಪ್ಪ ಹೋದ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ವಂಶವೃಕ್ಷ ಮಾಡಿಸುವಾಗ ನಿಮ್ಮ ಹೆಸರು ಇದೆಯಾ ನೋಡಿ. ಅಣ್ಣ ಸೀರೆ, ಅರಿಶಿನ ಕುಂಕುಮದ ಜೊತೆ ಹಕ್ಕು ಬಿಡುಗಡೆ ಪತ್ರವನ್ನೂ ತಂದರೆ, ಸೀರೆ ತಗೊಳ್ಳಿ. ಪತ್ರವನ್ನು ಓದಿ ನೋಡ್ತೀನಿ, ಇಟ್ಟು ಹೋಗಣ್ಣ ಅನ್ನಿ.