ಆ್ಯಪ್ ಮುಚ್ಚಿದ ಮೇಲೆ ನೋಟಿಫಿಕೇಶನ್ ಬರೋದು ಹೇಗೆ, ನಿಲ್ಲೋದು ಯಾಕೆ?

ಆ್ಯಪ್ ತೆರೆದಿದ್ದರೆ ನೋಟಿಫಿಕೇಶನ್ ಬರುತ್ತದೆ, ಮುಚ್ಚಿದರೆ ಇಲ್ಲ. ಪುಶ್, ಅಂದರೆ ಸರ್ವರ್‌ನಿಂದ ಫೋನಿಗೆ ನೋಟಿಫಿಕೇಶನ್ ಕಳಿಸುವುದನ್ನು ಕಲಿಯಲು ಕೂತವರು ಸಿಕ್ಕಿಬೀಳುವುದು ಇಲ್ಲೇ. ನಾನೂ ಎರಡು ದಿನ ಒದ್ದಾಡಿದ್ದೇನೆ.

ಒಂದು ಮಾತು ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. ಮೆಸೇಜ್‌ಗೆ ಕಾದು ಕೂತಿರುವುದು ನಿಮ್ಮ ಆ್ಯಪ್ ಅಲ್ಲ, ಫೋನು. ಆಂಡ್ರಾಯ್ಡ್‌ನಲ್ಲಿ ಗೂಗಲ್ ಪ್ಲೇ ಸರ್ವೀಸಸ್ ಗೂಗಲ್ ಸರ್ವರ್ ಜೊತೆ ಒಂದು ಸಂಪರ್ಕವನ್ನು ಸದಾ ಹಿಡಿದಿರುತ್ತದೆ, ಸಾಮಾನ್ಯವಾಗಿ 5228ನೇ ಪೋರ್ಟ್‌ನಲ್ಲಿ. ಗೂಗಲ್‌ನ ಪುಶ್ ಸೇವೆ ಫೈರ್‌ಬೇಸ್ ಕ್ಲೌಡ್ ಮೆಸೇಜಿಂಗ್, ಅಂದರೆ ಎಫ್‌ಸಿಎಂ ಕಳಿಸುವುದೆಲ್ಲ ಇದೇ ದಾರಿಯಲ್ಲಿ ಬರುತ್ತದೆ. ಅಪಾರ್ಟ್‌ಮೆಂಟ್ ಗೇಟಿನ ವಾಚ್‌ಮನ್ ಎಲ್ಲ ಮನೆಗಳ ಕೊರಿಯರ್ ಇಸ್ಕೊಂಡು ಇಡುತ್ತಾನಲ್ಲ, ಹಾಗೆ. ಐಫೋನ್‌ನಲ್ಲಿ ಈ ಕೆಲಸ ಆ್ಯಪಲ್‌ನ ಪುಶ್ ಸೇವೆ ಎಪಿಎನ್ಎಸ್‌ದು.

ಈಗ ಮೆಸೇಜ್ ಒಳಗೆ ಏನಿದೆ ನೋಡಿ. 'ನೋಟಿಫಿಕೇಶನ್' ಅನ್ನುವ ಭಾಗ ಇದ್ದು, ಆ್ಯಪ್ ಹಿನ್ನೆಲೆಯಲ್ಲಿದ್ದರೆ ಎಫ್‌ಸಿಎಂ ತಾನೇ ಅದನ್ನು ಪರದೆ ಮೇಲೆ ತೋರಿಸುತ್ತದೆ. ಮೆಸೇಜ್ ಬಂದಾಗ ಓಡಲಿ ಅಂತ ನಿಮ್ಮ ಕೋಡ್‌ನಲ್ಲಿ ಬರೆದ ಆನ್‌ಮೆಸೇಜ್‌ರಿಸೀವ್ಡ್ ಫಂಕ್ಷನ್ ಓಡುವುದೇ ಇಲ್ಲ. ಬರೀ 'ಡೇಟಾ' ಇದ್ದರೆ ಆ ಫಂಕ್ಷನ್ ಓಡುತ್ತದೆ, ತೋರಿಸುವ ಹೊಣೆ ನಿಮ್ಮದು. "ಬರುತ್ತಿದೆ, ಆದರೆ ನನ್ನ ಲಾಗ್ ಕಾಣ್ತಿಲ್ಲ" ಅನ್ನುವವರು ಮೊದಲು ಇದನ್ನೇ ನೋಡಬೇಕು. ಫ್ಲಟರ್ (ಒಂದೇ ಕೋಡ್‌ನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಮಾಡುವ ಸಾಧನ) ಬಳಸುವವರೇ, ಹಿನ್ನೆಲೆ ಹ್ಯಾಂಡ್ಲರ್, ಅಂದರೆ ಆ್ಯಪ್ ಹಿನ್ನೆಲೆಯಲ್ಲಿದ್ದಾಗ ಮೆಸೇಜ್ ನೋಡಿಕೊಳ್ಳುವ ಫಂಕ್ಷನ್, ಯಾವ ಕ್ಲಾಸ್ ಒಳಗೂ ಇರಬಾರದು, ಫೈಲ್‌ನಲ್ಲಿ ಹೊರಗೇ ಇರಬೇಕು.

ನನ್ನ ಎರಡು ದಿನ ಹೋದದ್ದು ಬೇರೆ ಕಡೆ. 'ಸರಿಯಾಗಿ ಮುಚ್ಚೋಣ' ಅಂತ ಸೆಟ್ಟಿಂಗ್ಸ್‌ಗೆ ಹೋಗಿ ಫೋರ್ಸ್ ಸ್ಟಾಪ್ ಒತ್ತುತ್ತಿದ್ದೆ. ಆಮೇಲೆ ಟೆಸ್ಟ್ ಮೆಸೇಜ್ ಕಳಿಸಿ ಫೋನನ್ನೇ ನೋಡುತ್ತಾ ಕೂರುತ್ತಿದ್ದೆ. ಎಲ್ಲಿಂದ ಬರಬೇಕು? ಫೋರ್ಸ್ ಸ್ಟಾಪ್ ಅಂದರೆ ವಾಚ್‌ಮನ್‌ಗೆ "ನಮ್ಮನೇದು ಏನೂ ತಗೋಬೇಡಪ್ಪ" ಅಂದ ಹಾಗೆ. ಬಳಕೆದಾರ ಮತ್ತೆ ಆ್ಯಪ್ ತೆರೆಯುವವರೆಗೆ ಏನೂ ತಲುಪುವುದಿಲ್ಲ. ರೀಸೆಂಟ್ಸ್‌ನಿಂದ (ಇತ್ತೀಚೆಗೆ ತೆರೆದ ಆ್ಯಪ್‌ಗಳ ಪಟ್ಟಿಯಿಂದ) ತಳ್ಳಿ ತೆಗೆಯುವುದು ಬೇರೆ, ಅದಾದ ಮೇಲೂ ಬರಬೇಕು. ಆದರೆ ಕೆಲವು ಕಂಪನಿಗಳ ಫೋನ್‌ಗಳು ಬ್ಯಾಟರಿ ಉಳಿಸುವ ನೆಪದಲ್ಲಿ ಇದನ್ನೂ ಫೋರ್ಸ್ ಸ್ಟಾಪ್ ತರಹವೇ ನೋಡುತ್ತವೆ. ಅಲ್ಲಿ ಕೋಡ್ ತಿದ್ದಿ ಪ್ರಯೋಜನ ಇಲ್ಲ. ಬ್ಯಾಟರಿ ಸೆಟ್ಟಿಂಗ್ ಬದಲಿಸಲು ಬಳಕೆದಾರರಿಗೇ ಹೇಳಬೇಕು. ಐಫೋನ್‌ನಲ್ಲಿ ಮೇಲಕ್ಕೆ ತಳ್ಳಿ ಮುಚ್ಚಿದರೆ ಕಣ್ಣಿಗೆ ಕಾಣುವ ಅಲರ್ಟ್ ಬರುತ್ತದೆ, ಸದ್ದಿಲ್ಲದೆ ಆ್ಯಪ್ ಎಬ್ಬಿಸುವ ಸೈಲೆಂಟ್ ಪುಶ್ ಮಾತ್ರ ಕೆಲಸ ಮಾಡುವುದಿಲ್ಲ.

ತಡವಾಗಿ ಬರುತ್ತಿದೆಯಾ? ಆಂಡ್ರಾಯ್ಡ್ 6ರಲ್ಲಿ ಬಂದ, ಬ್ಯಾಟರಿ ಉಳಿಸುವ ಡೋಜ್ ವ್ಯವಸ್ಥೆ ಕಾರಣ ಇರಬಹುದು. ಫೋನ್ ಸುಮ್ನೆ ಮೇಜಿನ ಮೇಲೆ ಬಿದ್ದಿದ್ದರೆ ನಾರ್ಮಲ್ ಪ್ರಯಾರಿಟಿ ಮೆಸೇಜ್‌ಗಳು ಕಾಯುತ್ತವೆ. ತುರ್ತಿನದಕ್ಕೆ ಹೈ ಹಾಕಿ, ಎಲ್ಲದಕ್ಕೂ ಅಲ್ಲ. ಟಿಟಿಎಲ್, ಅಂದರೆ ಮೆಸೇಜ್ ಎಷ್ಟು ಹೊತ್ತು ಉಳಿಯಬೇಕು ಅನ್ನುವ ಅವಧಿ, ಕೊಡದಿದ್ದರೆ ಎಫ್‌ಸಿಎಂ ಮೆಸೇಜನ್ನು 4 ವಾರ ಇಟ್ಟುಕೊಳ್ಳುತ್ತದೆ. 5 ನಿಮಿಷದ ಒಟಿಪಿ ಮೂರು ದಿನ ಬಿಟ್ಟು ಬಂದರೆ ಯಾರಿಗೆ ಬೇಕು, ಅಲ್ವಾ? ಇನ್ನು ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೆ ಅನುಮತಿ ಕೇಳಲೇಬೇಕು.

ಕೊನೆಗೆ, ಒತ್ತಿದಾಗ ಏನಾಗುತ್ತದೆ ಅನ್ನುವುದನ್ನೂ ನೋಡಿ. ಫ್ಲಟರ್‌ನಲ್ಲಿ ಪೂರ್ತಿ ಮುಚ್ಚಿದ್ದ ಆ್ಯಪ್ ನೋಟಿಫಿಕೇಶನ್‌ನಿಂದ ತೆರೆದರೆ ಆ ಮೆಸೇಜ್ ಸಿಗುವುದು ಗೆಟ್‌ಇನಿಶಿಯಲ್‌ಮೆಸೇಜ್‌ನಲ್ಲಿ. ಹಿನ್ನೆಲೆಯಲ್ಲಿದ್ದ ಆ್ಯಪ್‌ಗೆ ಬಳಸುವ ಆನ್‌ಮೆಸೇಜ್‌ಓಪನ್ಡ್‌ಆ್ಯಪ್ ಒಂದನ್ನೇ ಬರೆದು ಬಿಟ್ಟರೆ, ಆರ್ಡರ್ ಪುಟ ತೆರೆಯಬೇಕಾದ ಕಡೆ ಹೋಮ್ ಪುಟ ಬಂದು ನಿಲ್ಲುತ್ತದೆ.