ಸತ್ತೋನ ಕಥೆಗೆ ಬೇರೆಯವರ ಪೆನ್ನು: ಕಾನನ್ ಜಗಳ ಶುರುವಾಗಿದ್ದು ಹೇಗೆ

ಪಿಯುಸಿ ಓದೋವಾಗ ದಾವಣಗೆರೆ ಮಂಡಿಪೇಟೆ ಕಡೆ ಹಳೇ ಪುಸ್ತಕದ ರಾಶೀಲಿ ಒಂದು ಕಾನನ್ ಪುಸ್ತಕ ಸಿಕ್ತು (ಕಾನನ್ ಅಂದ್ರೆ ಹಳೇ ಕಲ್ಪಿತ ಲೋಕದಲ್ಲಿ ಕತ್ತಿ ಹಿಡ್ಕೊಂಡು ಅಲೆಯೋ ಒರಟು ವೀರ), ರಟ್ಟು ಅರ್ಧ ಹರಿದಿತ್ತು, ಹದಿನೈದು ರೂಪಾಯಿಗೆ ತಂದೆ. ಎಲ್ಲಾ ಕಾನನ್‌ನ ಹುಟ್ಟಿಸಿದ ರಾಬರ್ಟ್ ಹೊವಾರ್ಡ್ ಬರೆದಿದ್ದೇ ಅನ್ಕೊಂಡು ಓದ್ದೆ, ಪರಿವಿಡಿ ಯಾರು ನೋಡ್ತಾರೆ ಹೇಳಿ.

ಹೊವಾರ್ಡ್ ಅಮೆರಿಕದ ಟೆಕ್ಸಾಸಿನ ಕ್ರಾಸ್ ಪ್ಲೇನ್ಸ್ ಅನ್ನೋ ಸಣ್ಣ ಊರಲ್ಲಿದ್ದೋನು. 1932ರ ಡಿಸೆಂಬರ್ ವಿಯರ್ಡ್ ಟೇಲ್ಸ್ ಪತ್ರಿಕೇಲಿ ಮೊದಲ ಕಾನನ್ ಕಥೆ ಬಂತು, 1936ರ ಜೂನ್ 11ಕ್ಕೆ, ಮೂವತ್ತೇ ವಯಸ್ಸಿಗೆ, ತಾನೇ ಜೀವ ಕಳ್ಕೊಂಡ. ಪೂರ್ತಿ ಮಾಡಿದ್ದ ಕಾನನ್ ಕಥೆ 21, ಮಿಕ್ಕಿದ್ದು ತುಂಡು ತುಂಡು.

1950ರ ದಶಕದಲ್ಲಿ ಸ್ಪ್ರೇಗ್ ಡಿ ಕ್ಯಾಂಪ್ ಕೈ ಹಾಕಿದ್ದು ಇಲ್ಲೇ. ಇವನೂ ಕಥೆಗಾರ, ದಡ್ಡ ಏನಲ್ಲ. ಹೊವಾರ್ಡ್ ಬಿಟ್ಟುಹೋದ ಬೇರೆ ಕಥೆಗಳ ಹಸ್ತಪ್ರತಿ ತಗೊಂಡು ಹೀರೋ ಹೆಸರು ಬದಲಾಯಿಸಿದ, ಬಂದೂಕು ಮದ್ದು ತೆಗೆದ, ಒಂದಿಷ್ಟು ಮಾಯಾ ಮಂತ್ರ ತುರುಕಿದ, ಕಾನನ್ ಕಥೆ ರೆಡಿ! 1955ರ ಒಂದು ಪುಸ್ತಕದಲ್ಲಿ ಇಂಥವೇ ನಾಲ್ಕಿದ್ವು. 'ದ ಬ್ಲ್ಯಾಕ್ ಸ್ಟ್ರೇಂಜರ್' ಅಂತ ಹೊವಾರ್ಡ್ ಬರೆದಿದ್ದ ಅಸಲಿ ಕಾನನ್ ಕಥೇನೇ ತಿದ್ದಿ, ಕಾನನ್ ರಾಜ ಆಗೋದಕ್ಕೆ ಕೊಂಡಿ ಹಾಕಿ, ಆಮೇಲೆ ಹೆಸರೂ ಬದಲಾಯಿಸಿದ. ಮೂಲ ಓದುಗರಿಗೆ ಸಿಕ್ಕಿದ್ದು 1987ರಲ್ಲಿ.

1966ರಿಂದ ಲ್ಯಾನ್ಸರ್ ಅನ್ನೋ ಪ್ರಕಾಶನದ ಕಾನನ್ ಪೇಪರ್‌ಬ್ಯಾಕ್ ಬಂದ್ವು, ಹೆಚ್ಚಿನವಕ್ಕೆ ಫ್ರಾಂಕ್ ಫ್ರಜೆಟ್ಟಾ ಬಿಡಿಸಿದ ರಟ್ಟು, ಲಕ್ಷಗಟ್ಲೆ ಖರ್ಚಾದ್ವು, ಹೊವಾರ್ಡ್ ಹೆಸರು ಮನೆಮನೆಗೆ ಹೋಗಿದ್ದು ಅವುಗಳಿಂದಾನೇ, ಅದನ್ನ ಒಪ್ಕೊಬೇಕು. ಜೊತೆ ಸೇರಿ ಬರೆದ ಕಥೆಗೆ ಡಿ ಕ್ಯಾಂಪ್ ತನ್ನ ಹೆಸರೂ ಹಾಕ್ತಿದ್ದ. ಆದ್ರೆ ಅವನು ಮತ್ತು ಲಿನ್ ಕಾರ್ಟರ್ ಅನ್ನೋ ಇನ್ನೊಬ್ಬ ಕಥೆಗಾರ ಬರೆದ ಹೊಸ ಕಥೆಗಳು ಹೊವಾರ್ಡ್ ಕಥೆ ನಡುವೆ ಸಾಲಾಗಿ ಕೂತಿದ್ವು, ಜೊತೆಗೆ ಹೊವಾರ್ಡ್‌ನದೇ ವಾಕ್ಯಗಳೂ ಅಲ್ಲಲ್ಲಿ ನಯ ಆಗಿದ್ವು. ಸಿಟ್ಟು ಬಂದಿದ್ದು ಇದಕ್ಕೆ.

ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ್ದನ್ನ ತಿಮ್ಮಣ್ಣ ಕವಿ ಮುಂದುವರಿಸಿದ, ಅದಕ್ಕೆ 'ಕೃಷ್ಣರಾಯ ಭಾರತ' ಅಂತ ಬೇರೆ ಹೆಸರೇ ಇದೆ, ಯಾರಿಗೂ ತಕರಾರಿಲ್ಲ. ಅದೇ ತರಾಸು ಅವರ 'ದುರ್ಗಾಸ್ತಮಾನ'ಕ್ಕೆ ಯಾರಾದ್ರೂ ನಾಕು ಅಧ್ಯಾಯ ತಾವೇ ಸೇರಿಸಿ, ಭಾಷೆ ಸ್ವಲ್ಪ ಸಪಾಟು ಮಾಡಿ, ಅದೇ ರಟ್ಟಲ್ಲಿ ಹಾಕಿದ್ರೆ? ತರಾಸು 1984ರಲ್ಲೇ ಹೋದ್ರು, 1985ರ ಅಕಾಡೆಮಿ ಪ್ರಶಸ್ತಿ ನೋಡೋಕೂ ಇರ್ಲಿಲ್ಲ, ಕೇಳೋರು ಯಾರು ಅಂತೀರಾ? ಚಿತ್ರದುರ್ಗದಲ್ಲಿ ಕೇಳೋರು ಗಲ್ಲಿಗೊಬ್ರು ಸಿಗ್ತಾರೆ.

ಅಲ್ಲೂ ಕೇಳೋರು ಬಂದ್ರು. 1977ರಲ್ಲಿ ಕಾರ್ಲ್ ಎಡ್ವರ್ಡ್ ವ್ಯಾಗ್ನರ್ ಅನ್ನೋ ಕಥೆಗಾರ, ಹೊವಾರ್ಡ್ ಕಥೆಗಳು ಪತ್ರಿಕೇಲಿ ಬಂದಿದ್ದ ರೂಪಾನೇ ಇಟ್ಕೊಂಡು ಮೂರು ಪುಸ್ತಕ ತಂದ. 1983ರಲ್ಲಿ ಡಿ ಕ್ಯಾಂಪ್ ಬರೆದ ಜೀವನಚರಿತ್ರೆ ಉರಿಯೋ ಬೆಂಕಿಗೆ ತುಪ್ಪ ಸುರೀತು, ಹೊವಾರ್ಡ್‌ನ ಮನೋರೋಗಿ ಥರ ತೋರಿಸಿದಾನೆ ಅಂತ ಅಭಿಮಾನಿಗಳ ದೂರು, ಒಂದ್ಕಾಲದ ಗೆಳತಿ ನೋವಲಿನ್ ಪ್ರೈಸ್ ಎಲ್ಲಿಸ್ 1986ರಲ್ಲಿ ತಾನು ಕಂಡ ಹೊವಾರ್ಡ್ ಬಗ್ಗೆ ತಾನೇ ಪುಸ್ತಕ ಬರೆದ್ಲು. 2003ರಿಂದ ಪಾಟ್ರಿಸ್ ಲೂಯ್ನೆ ಅನ್ನೋ ಸಂಪಾದಕನ ಕೆಲಸದಿಂದ ಹೊವಾರ್ಡ್ ಟೈಪ್ ಮಾಡಿದ್ದ ಪ್ರತಿಗಳಿಗೆ ಹತ್ತಿರದ ರೂಪ ಮೂರು ಸಂಪುಟದಲ್ಲಿ ಸಿಕ್ತು.

ಮೊನ್ನೆ ನನ್ನ ಹಳೇ ಪುಸ್ತಕ ತೆಗೆದು ಪರಿವಿಡೀಲಿ ಅಸಲಿ ಹೊವಾರ್ಡ್ ಕಾನನ್ ಕಥೆಗಳಿಗೆ ಪೆನ್ಸಿಲ್‌ನಿಂದ ಟಿಕ್ ಹಾಕ್ತಾ ಹೋದೆ. ಐದು ಕಥೇಲಿ ಮೂರಕ್ಕೆ ಮಾತ್ರ ಬಿತ್ತು. ಮೊದಲನೇದು, ನಾನು ಮೂರು ಸಲ ಓದಿ ಫ್ರೆಂಡ್ಸಿಗೆಲ್ಲ ಮಂಡಕ್ಕಿ ತಿಂತಾ ಹೇಳಿದ್ದ ಕಥೆ, ಅಸಲಿಗೆ ಕೈರೋದ ಖಲೀಫನ ಕಾಲದ್ದಂತೆ, ಹೀರೋ ಒಬ್ಬ ಸ್ಪೇನಿನವನು.