ಬಿದ್ದ ಪೆಟ್ಟು, ಬದಲಾದ ನಿಯಮ

ಯಶಸ್ಸು ಕಂಡ ಉದ್ಯಮಿಗಳನ್ನು ಮಾತಿಗೆಳೆದರೆ, ಎಲ್ಲವೂ ತಿರುವು ಪಡೆದ ಒಂದು ದಿನದ ಕಥೆ ತಪ್ಪದೆ ಹೊರಬರುತ್ತದೆ: ಬ್ಯಾಂಕು ಸಾಲ ನಿರಾಕರಿಸಿದ ದಿನ, ಪಾಲುದಾರ ಕೈಬಿಟ್ಟ ದಿನ, ದೊಡ್ಡ ಗಿರಾಕಿ ಮಾಲನ್ನು ವಾಪಸು ಕಳಿಸಿದ ದಿನ. ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಸಲಹೆ ನೀಡುವುದು ನನ್ನ ವೃತ್ತಿಯಾದ್ದರಿಂದ ಇಂಥ ಕಥೆಗಳನ್ನು ಧಾರಾಳವಾಗಿ ಕೇಳಿದ್ದೇನೆ. ಕೇಳಿದ ಮೇಲೆ ನಾನು ಹುಡುಕುವುದು ಒಂದನ್ನೇ: ಆ ದಿನದ ನಂತರ ಉದ್ಯಮದ ಯಾವ ನಿಯಮ ಬದಲಾಯಿತು? ದರ ಹೇಳುವ ಕ್ರಮವೇ, ಉದ್ದರಿ ಕೊಡುವ ಮಿತಿಯೇ, ಕಚ್ಚಾ ಮಾಲು ಕೊಳ್ಳುವ ರೀತಿಯೇ? ಏನೂ ಬದಲಾಗದಿದ್ದರೆ, ಘಟನೆ ಎಷ್ಟೇ ದೊಡ್ಡದಾಗಿರಲಿ, ಅದು ನೆನಪಾಗಿ ಉಳಿದಿದೆಯೇ ಹೊರತು ಪಾಠವಾಗಿಲ್ಲ.

ಬೆಂಗಳೂರಿನ ಎಂ.ಟಿ.ಆರ್. ಇದಕ್ಕೆ ಎಲ್ಲರಿಗೂ ಪರಿಚಿತವಾದ ಉದಾಹರಣೆ. ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಈ ಹೋಟೆಲಿಗೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಎದುರಾಯಿತು. 1942ರಲ್ಲಿ ಬರ್ಮಾ ಜಪಾನಿನ ವಶವಾದ ಮೇಲೆ ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತುಹೋಗಿ, ದೇಶದ ಅನೇಕ ಕಡೆ ಅಕ್ಕಿ ದುರ್ಲಭವಾಗಿತ್ತು. ಇಡ್ಲಿಯನ್ನೇ ನೆಚ್ಚಿಕೊಂಡ ಹೋಟೆಲಿನವರು ಅಂಥ ಹೊತ್ತಿನಲ್ಲಿ ಇಡ್ಲಿಯ ಸಂಖ್ಯೆ ಇಳಿಸಬಹುದಿತ್ತು, ಗಾತ್ರ ಕುಗ್ಗಿಸಬಹುದಿತ್ತು ಅಥವಾ ಬೆಲೆ ಏರಿಸಬಹುದಿತ್ತು. ಮಯ್ಯರ ಅಡುಗೆಮನೆ ರವೆಯನ್ನು ಕೈಗೆತ್ತಿಕೊಂಡಿತು. ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂದು ಎಂ.ಟಿ.ಆರ್.ನವರು ಹೇಳುತ್ತಾರೆ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಅಕ್ಕಿ ಇಡ್ಲಿ ಉಬ್ಬುವುದು ಉದ್ದಿನ ಹಿಟ್ಟು ರಾತ್ರಿಯಿಡೀ ಹುದುಗುವುದರಿಂದ. ರವೆ ಇಡ್ಲಿಗೆ ಆ ಕಾಯುವಿಕೆ ಇಲ್ಲ. ಹುರಿದ ರವೆಗೆ ಮೊಸರು ಮತ್ತು ಅಡುಗೆ ಸೋಡಾ ಬೆರೆತಾಗ ಏಳುವ ಗಾಳಿಯೇ ಅದನ್ನು ಹಗುರಗೊಳಿಸುತ್ತದೆ. ಸಾಸಿವೆ, ಗೋಡಂಬಿಯ ಒಗ್ಗರಣೆಯಂತೂ ಉಪ್ಪಿಟ್ಟು ಮಾಡುವ ಯಾವ ಕೈಗೂ ಹೊಸದಲ್ಲ. ಅಂದರೆ ಅಭಾವವು ಅಡುಗೆಯವರಿಗೆ ಹೊಸ ವಿದ್ಯೆಯನ್ನೇನೂ ಕಲಿಸಲಿಲ್ಲ. ಉಪ್ಪಿಟ್ಟಿನ ಬಾಣಲೆಯಲ್ಲೂ ಇಡ್ಲಿಯ ತಟ್ಟೆಯಲ್ಲೂ ಬೇರೆಬೇರೆಯಾಗಿದ್ದ ಎರಡು ವಿದ್ಯೆಗಳ ನಡುವಿನ ಗೋಡೆಯನ್ನು ಕೆಡವಿತು. ಉದ್ಯಮದಲ್ಲಿ ಸೃಜನಶೀಲತೆ ಎನ್ನುವುದು ಬಹುಮಟ್ಟಿಗೆ ಹೀಗೆಯೇ ನಡೆಯುತ್ತದೆ ಎಂಬುದು ನನ್ನ ಅನುಭವ. ರೂಢಿಯ ದಾರಿ ಮುಚ್ಚಿದಾಗ ಕೈಯಲ್ಲಿ ಅದಾಗಲೇ ಇರುವ ಕೌಶಲ ಬೇರೆ ಕೆಲಸಕ್ಕೆ ಹೊರಳುತ್ತದೆ. ಕೈಯಲ್ಲಿ ಏನೂ ಇಲ್ಲದವರಿಗೆ ಬಿಕ್ಕಟ್ಟು ಏನನ್ನೂ ಹೊಳೆಯಿಸುವುದಿಲ್ಲ.

ಅದೇ ಸಂಸ್ಥೆಗೆ ಎರಡನೆಯ ಪೆಟ್ಟು ಬಿದ್ದದ್ದು ತುರ್ತುಪರಿಸ್ಥಿತಿಯಲ್ಲಿ. 1975ರ ನಂತರ ಹೋಟೆಲು ತಿಂಡಿಗಳನ್ನು ಸರ್ಕಾರ ನಿಗದಿಪಡಿಸಿದ ಅಗ್ಗದ ಬೆಲೆಗೆ ಮಾರಬೇಕಾಯಿತು. ಗುಣಮಟ್ಟ ಇಳಿಸಲು ಒಪ್ಪದ ಮಯ್ಯರು ನಷ್ಟದಲ್ಲಿಯೇ ಬಡಿಸಿದರು, ಆಯಾ ದಿನದ ನಷ್ಟವನ್ನು ಬೋರ್ಡಿನ ಮೇಲೆ ಬರೆದು ಗಿರಾಕಿಗಳಿಗೆ ಕಾಣುವಂತೆ ಇಟ್ಟರು, ಕೊನೆಗೆ ಹೋಟೆಲನ್ನೇ ಕೆಲಕಾಲ ಮುಚ್ಚಿದರು. ಆಗ ಕೈಹಿಡಿದದ್ದು ಸಾರಿನಪುಡಿ, ಚಟ್ನಿಪುಡಿ ಮುಂತಾದ ಪೊಟ್ಟಣದ ವ್ಯಾಪಾರ. ನಿಯಂತ್ರಣವಿದ್ದದ್ದು ತಟ್ಟೆಯಲ್ಲಿ ಬಡಿಸುವ ತಿಂಡಿಯ ಬೆಲೆಗೆ. ಅದೇ ರುಚಿಯನ್ನು ಪೊಟ್ಟಣದಲ್ಲಿ ಮಾರಲು ಅಡ್ಡಿಯಿರಲಿಲ್ಲ. ಹೀಗೆ ಬೆಳೆದ ಎಂ.ಟಿ.ಆರ್. ಫುಡ್ಸ್ ಅನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆ ಕೊಂಡಿತು. ಇಂದು ದಿನಸಿ ಅಂಗಡಿಯಲ್ಲಿ ಸಿಗುವ ರವೆ ಇಡ್ಲಿ ಮಿಕ್ಸ್‌ನಲ್ಲಿ ಈ ಎರಡೂ ಬಿಕ್ಕಟ್ಟುಗಳು ಒಂದೇ ಪೊಟ್ಟಣದೊಳಗೆ ಕುಳಿತಿವೆ ಎನ್ನಬಹುದು.

ಸಂಸ್ಥೆಗಳ ಕಲಿಕೆಯನ್ನು ಅಧ್ಯಯನ ಮಾಡಿದ ಕ್ರಿಸ್ ಆರ್ಗಿರಿಸ್ ಮತ್ತು ಡೊನಾಲ್ಡ್ ಶೋನ್ 1970ರ ದಶಕದಲ್ಲಿಯೇ ಒಂದು ಭೇದವನ್ನು ಗುರುತಿಸಿದ್ದರು. ಇರುವ ನಿಯಮದೊಳಗೇ ತಪ್ಪನ್ನು ತಿದ್ದಿಕೊಳ್ಳುವುದು ಒಂದು ಬಗೆಯ ಕಲಿಕೆ. ಆ ನಿಯಮವೇ ಸರಿಯೇ ಎಂದು ಕೇಳುವುದು ಇನ್ನೊಂದು ಬಗೆ. ಬ್ರಿಟನ್ನಿನ ಜೇಸನ್ ಕೋಪ್ ಉದ್ಯಮಿಗಳ ವಿಷಯದಲ್ಲಿ ಇದನ್ನು ಮುಂದುವರಿಸಿ, ಎರಡನೆಯ ಬಗೆಯ ಕಲಿಕೆಗೆ ಹೆಚ್ಚಾಗಿ ಕಾರಣವಾಗುವುದು ದಿನಚರಿಯನ್ನು ಮುರಿಯುವ ಘಟನೆಗಳೇ ಎಂದು ವಾದಿಸಿದರು. ವಾದ ಒಪ್ಪತಕ್ಕದ್ದೇ. ಆದರೆ ಘಟನೆ ಬಾಗಿಲನ್ನು ತೆರೆಯಬಹುದು, ಒಳಗೆ ಹೋಗುವ ಕೆಲಸ ಉಳಿದೇ ಇರುತ್ತದೆ ಎಂಬುದನ್ನು ಮರೆಯಬಾರದು.

ಆ ಕೆಲಸವನ್ನು ಬಹಳ ಶಿಸ್ತಿನಿಂದ ಮಾಡಿದವರು ಇನ್ಫೋಸಿಸ್‌ನವರು. 1995ರಲ್ಲಿ, ಕಂಪನಿ ಷೇರುಪೇಟೆಗೆ ಬಂದು ಇನ್ನೂ ಎರಡು ವರ್ಷವಾಗಿದ್ದಾಗ, ಅದರ ವರಮಾನದ ಕಾಲುಭಾಗಕ್ಕೆ ಕಾರಣವಾಗಿದ್ದ ಒಂದೇ ಗ್ರಾಹಕ ಕಂಪನಿ ದರ ಇಳಿಸುವಂತೆ ಪಟ್ಟು ಹಿಡಿಯಿತು. ಆ ದರಕ್ಕೆ ಉತ್ತಮ ಕೆಲಸ ಮಾಡಿಕೊಡುವುದು ಸಾಧ್ಯವಿಲ್ಲವೆಂದು ಇನ್ಫೋಸಿಸ್ ಆ ವ್ಯವಹಾರವನ್ನೇ ಬಿಟ್ಟಿತು. ಇದನ್ನು ಧೈರ್ಯದ ಕಥೆಯಾಗಿ ಹೇಳುವವರು ಬಹಳ; ನನಗೆ ಮುಖ್ಯವಾಗಿ ಕಾಣುವುದು ಅದರ ನಂತರ ನಡೆದದ್ದು. ಒಬ್ಬ ಗ್ರಾಹಕ, ಒಂದು ದೇಶ, ಒಂದು ತಂತ್ರಜ್ಞಾನ, ಒಬ್ಬ ಪ್ರಮುಖ ಉದ್ಯೋಗಿ, ಹೀಗೆ ಯಾವುದರ ಮೇಲೂ ಅತಿಯಾಗಿ ಅವಲಂಬಿತವಾಗದಂತೆ ನೋಡಿಕೊಳ್ಳಲು ಕಂಪನಿಯೊಳಗೆ ಒಂದು ಮಂಡಳಿಯನ್ನೇ ರಚಿಸಲಾಯಿತು. ಆ ದಿನ ಕೋಣೆಯಲ್ಲಿದ್ದವರಿಗೆ ಅರ್ಥವಾದದ್ದು ಅಲ್ಲಿ ಇಲ್ಲದವರನ್ನೂ ಕಟ್ಟಿಹಾಕುವ ನಿಯಮವಾಯಿತು. 2007ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಭಾಷಣವೊಂದರಲ್ಲಿ ಈ ಪ್ರಸಂಗವನ್ನು ವಿವರಿಸಿದ ನಾರಾಯಣಮೂರ್ತಿಯವರು, ಸೋಲಿನಿಂದ ಕಲಿಯುವುದಕ್ಕಿಂತ ಗೆಲುವಿನಿಂದ ಕಲಿಯುವುದು ಕಷ್ಟ ಎಂಬ ಅರ್ಥದ ಮಾತನ್ನೂ ಆಡಿದ್ದರು. ಗೆದ್ದಾಗ ನಾವು ಮಾಡಿದ್ದೆಲ್ಲವೂ ಸರಿಯಾಗಿಯೇ ಇತ್ತೆಂದು ತೋರುತ್ತದಲ್ಲ!

ಸೋತಾಗಲೂ ಸರಿಯಾದ ಪಾಠವೇ ಸಿಗುತ್ತದೆ ಎನ್ನುವಂತಿಲ್ಲ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಅಲ್ಯೂಮಿನಿಯಂ ಬಿಡಿಭಾಗಗಳನ್ನು ಮೆಷಿನಿಂಗ್ ಮಾಡಿಕೊಡುವ ಒಂದು ಘಟಕಕ್ಕೆ ಇಡೀ ಲಾಟ್ ರಿಜೆಕ್ಟ್ ಆಗಿ ಬಂದಿತ್ತು. 50 ಮಿಲಿಮೀಟರಿನ ಬೋರ್ (ಕೊರೆದ ರಂಧ್ರ) ಅಳತೆಗಿಂತ ಕಿರಿದಾಗಿದೆ ಎಂಬುದು ದೂರು. ಮಾಲೀಕರು ಅಷ್ಟರಲ್ಲಾಗಲೇ ಎರಡು ತೀರ್ಮಾನಗಳಿಗೆ ಬಂದಿದ್ದರು: ರಾತ್ರಿ ಪಾಳಿಯ ಆಪರೇಟರ್ ಸರಿಯಿಲ್ಲ, ದೊಡ್ಡ ಕಂಪನಿಗಳ ಸಹವಾಸವೇ ಬೇಡ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್ ವಾಯುಪಡೆಯ ಅನುಭವದಿಂದ ರೂಪಿಸಿ 1954ರಲ್ಲಿ ವಿವರಿಸಿದ ವಿಧಾನವೊಂದಿದೆ; ಅದರಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ, ಯಾರು ಯಾವಾಗ ಏನು ಮಾಡಿದರು ಎಂಬ ನಿರ್ದಿಷ್ಟ ಸಂಗತಿ ಮಾತ್ರ ಬೇಕು. ಹಾಗೆ ಕೇಳುತ್ತ ಹೋದಾಗ ಫೋರ್‌ಮನ್ ಬಾಯಿಬಿಟ್ಟರು: "ಸಾರ್, ರಾತ್ರಿ ಹೊತ್ತು ಡಿಸ್ಪ್ಯಾಚ್ ಅವಸರ ಇರುತ್ತೆ, ಮೆಷಿನ್‌ನಿಂದ ತೆಗೆದ ತಕ್ಷಣ ಬಿಸಿ ಇರೋವಾಗ್ಲೇ ಗೇಜ್ ಹಾಕ್ತಾರೆ."

ಅಲ್ಯೂಮಿನಿಯಂ 20 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಆ ಗಾತ್ರದ ಬೋರ್ ಸುಮಾರು 23 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 23 ಪಾಲು) ಹಿಗ್ಗುತ್ತದೆ. ಡ್ರಾಯಿಂಗಿನಲ್ಲಿ ಕೊಟ್ಟಿದ್ದ ಟಾಲರೆನ್ಸ್, ಅಂದರೆ ಅಳತೆಯಲ್ಲಿ ಒಪ್ಪಬಹುದಾದ ಏರುಪೇರು, ಇದ್ದದ್ದೇ 25 ಮೈಕ್ರಾನ್. ಬಿಸಿಯಲ್ಲಿ ಪಾಸಾದ ತುಂಡು ತಣ್ಣಗಾದ ಮೇಲೆ ಫೇಲಾಗುವುದರಲ್ಲಿ ಆಶ್ಚರ್ಯವೇನಿದೆ? ತಣಿದ ನಂತರವೇ ಅಳೆಯಬೇಕೆಂಬ ನಿಯಮ ಮಾಡಿದರೆ ತಕ್ಷಣದ ತಪ್ಪು ಸರಿಹೋಗುತ್ತಿತ್ತು, ಅದನ್ನು ಮಾಡಿದ್ದೂ ಆಯಿತು. ಆದರೆ ಮಾಲೀಕರು ಅಲ್ಲಿಗೆ ನಿಲ್ಲಲಿಲ್ಲ. ಅಳತೆ ಎಂದರೆ ಮಾಲು ಹೊರಡುವ ಮುನ್ನ ಮುಗಿಸುವ ಶಾಸ್ತ್ರವೆಂದು ತಿಳಿದಿದ್ದ ಅವರು, ಸ್ಟೋರ್ ರೂಮಿನ ಒಂದು ಮೂಲೆಗೆ ಎ.ಸಿ. ಹಾಕಿಸಿ ಅಳತೆಗೆ ಆಧಾರವಾಗುವ ಸಮತಟ್ಟಾದ ಗ್ರಾನೈಟ್ ಸರ್ಫೇಸ್ ಪ್ಲೇಟ್ ಇರಿಸಿ, ಪ್ರತಿ ಲಾಟಿನ ಜೊತೆ ಅಳತೆಯ ವರದಿ ಕಳಿಸತೊಡಗಿದರು. ಕ್ರಮೇಣ ಅಕ್ಕಪಕ್ಕದ ಶೆಡ್ಡುಗಳವರೂ ತಮ್ಮ ಬಿಡಿಭಾಗಗಳನ್ನು ಅಳೆಸಿಕೊಳ್ಳಲು ದುಡ್ಡು ಕೊಟ್ಟು ಬರುವಂತಾಯಿತು. ಆಪರೇಟರ್ ಅದೇ ಕೆಲಸದಲ್ಲಿದ್ದಾನೆ.

ಫೋರ್‌ಮನ್‌ನ ಆ ಒಂದು ವಾಕ್ಯ ಆರು ತಿಂಗಳ ನಂತರ ಸಿಗುತ್ತಿರಲಿಲ್ಲ. ಕಾಲ ಕಳೆದಂತೆ ಪ್ರತಿಯೊಂದು ಘಟನೆಗೂ ಮಾಲೀಕನ ಕಥೆಯೊಂದು ಅಂಟಿಕೊಳ್ಳುತ್ತದೆ, ಅದಕ್ಕೆ ಹೊಂದದ ವಿವರಗಳು ಉದುರಿಹೋಗುತ್ತವೆ. ಆದಕಾರಣ ಘಟನೆ ಹಸಿಯಾಗಿರುವಾಗಲೇ, ಕೆಲಸಗಾರರನ್ನೂ ಅಕೌಂಟೆಂಟರನ್ನೂ ಕೂರಿಸಿಕೊಂಡು, ಯಾರಿಗೆ ಯಾವಾಗ ಏನು ಗೊತ್ತಿತ್ತು ಎಂಬುದನ್ನು ಬರೆದಿಡಿ ಎಂದು ನನ್ನ ಬಳಿ ಬರುವವರಿಗೆ ಹೇಳುತ್ತೇನೆ. ತೀರಾ ಮೊದಲ ವಾರದಲ್ಲಿ ಇದನ್ನು ಕೇಳುವುದೂ ಸರಿಯಲ್ಲ. ಆಗ ಸಂಬಳ ಮತ್ತು ಬ್ಯಾಂಕಿನ ಕಂತುಗಳ ಚಿಂತೆಯೇ ತಲೆತುಂಬ ಇರುತ್ತದೆ.

ಈ ಚಿಂತೆಯನ್ನು ಹಗುರವಾಗಿ ಕಾಣಬಾರದು. ನಿಯಮವನ್ನೇ ಪ್ರಶ್ನಿಸುವ ಕಲಿಕೆಗೆ ಕೆಲವು ತಿಂಗಳ ಉಸಿರು ಬೇಕು, ಆ ಉಸಿರು ಬರುವುದು ಕೈಯಲ್ಲಿರುವ ಹಣದಿಂದ. ಬಿಲ್ಲಿನ ಹಣ ಸಿಕ್ಕಿಹಾಕಿಕೊಂಡಿರುವ ಉದ್ಯಮಿ ಎಷ್ಟೇ ಚುರುಕಾಗಿದ್ದರೂ ಹತ್ತಿರದ ಪರಿಹಾರಕ್ಕೇ, ಬಹುಪಾಲು ದರ ಇಳಿಸುವುದಕ್ಕೇ, ಕೈಹಾಕುತ್ತಾನೆ. ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಕಾಯಿದೆ ಹೇಳುತ್ತದೆ. ಹಾಗೆ ಪಾವತಿಸದ ಮೊತ್ತವನ್ನು ಕೊಂಡವರು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ ಎಂಬ ನಿಯಮವೂ ಈಚೆಗೆ ಸೇರಿದೆ. ಆದರೂ ಗಿರಾಕಿ ಕೈತಪ್ಪೀತೆಂಬ ಅಂಜಿಕೆಯಿಂದ ಬಾಕಿಯನ್ನು ಗಟ್ಟಿಯಾಗಿ ಕೇಳದವರೇ ಜಾಸ್ತಿ. ಹೀಗಾಗಿ, ಪೆಟ್ಟು ತಿಂದು ಬಂದವರು ಹೊಸ ಯೋಜನೆಯ ಕಡತವನ್ನು ಮೇಜಿನ ಮೇಲಿಟ್ಟಾಗ, ಅದನ್ನು ಬಿಚ್ಚುವ ಮೊದಲು ನಾನು ಬಾಕಿದಾರರ ಪಟ್ಟಿಯನ್ನು ತರಿಸಿಕೊಂಡು ನೋಡುತ್ತೇನೆ.